ಕಡಲಮೀನಿನ ತೊಟ್ಟಿ ಹದಗೊಳ್ಳುವ ಬಗೆ

ಮುಂಬಯಿಯ ಮರೀನ್ ಡ್ರೈವ್ ಹಾದಿಯಲ್ಲಿ ೧೯೫೧ರಲ್ಲಿ ತಾರಾಪೋರವಾಲಾ ಮತ್ಸ್ಯಾಲಯವು ತೆರೆದಂದಿನಿಂದ, ಹವಳದ ದಿಬ್ಬಗಳ ಬಣ್ಣದ ಮೀನುಗಳನ್ನು ಗಾಜಿನ ಈಚೆ ನಿಂತು ನೋಡುವ ಸುಖ ಈ ನಗರದವರಿಗೆ ಅಪರಿಚಿತವಾಗಿಲ್ಲ. ನೋಡಿದ್ದನ್ನು ಮನೆಯಲ್ಲಿಯೂ ಇರಿಸಿಕೊಳ್ಳಬೇಕೆಂಬ ಆಸೆ ಅದರ ಬೆನ್ನಿಗೇ ಹುಟ್ಟುವುದು ಸಹಜ. ಸಿಹಿನೀರಿನ ಹೊನ್ನಮೀನು, ಗಪ್ಪಿ ಮೊದಲಾದವುಗಳನ್ನು ಸಾಕಿ ಪಳಗಿದವರು ಕಡಲ ತೊಟ್ಟಿಗೆ ಕೈಹಾಕುತ್ತಾರೆ. ಗಾಜಿನ ಪೆಟ್ಟಿಗೆ, ಪಂಪು, ದೀಪ, ಮರಳು, ಕಲ್ಲು, ಉಪ್ಪಿನ ಚೀಲ ಎಲ್ಲವೂ ಮನೆಗೆ ಬರುತ್ತವೆ. ನೀರು ಸ್ಫಟಿಕದಂತೆ ತಿಳಿಯಾಗಿದೆ. ಮರುದಿನವೇ ಮೀನುಗಳೂ ಬರುತ್ತವೆ. ವಾರದೊಳಗೆ ಅವು ಮೇಲ್ಮೈಗೆ ಬಂದು ಬಾಯ್ಬಿಡತೊಡಗುತ್ತವೆ, ಕಿವಿರುಗಳು ಕೆಂಪೇರುತ್ತವೆ, ಒಂದೊಂದಾಗಿ ತಳ ಸೇರುತ್ತವೆ. ಉಪ್ಪು ಹೆಚ್ಚಾಯಿತೆಂದು ಒಬ್ಬರು, ಅಂಗಡಿಯವನು ರೋಗದ ಮೀನು ಕೊಟ್ಟನೆಂದು ಇನ್ನೊಬ್ಬರು, ದೃಷ್ಟಿ ತಾಗಿತೆಂದು ಮನೆಯ ಹಿರಿಯರು ಹೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಕಾರಣ ಬೇರೆ. ಆ ನೀರು ತಿಳಿಯಾಗಿತ್ತು ನಿಜ, ಆದರೆ ಬರಡಾಗಿತ್ತು. ಮೀನಿಗಿಂತ ಮೊದಲು ಅಲ್ಲಿ ನೆಲೆಗೊಳ್ಳಬೇಕಾಗಿದ್ದ, ಕಣ್ಣಿಗೆ ಕಾಣದ ಒಂದು ಸಂಸಾರ ಇನ್ನೂ ಬಂದಿರಲಿಲ್ಲ.

ಈ ಸಂಸಾರವನ್ನು ನೆಲೆಗೊಳಿಸುವ ಕೆಲಸಕ್ಕೆ ಹವ್ಯಾಸಿಗಳು 'ಸೈಕ್ಲಿಂಗ್' ಎನ್ನುತ್ತಾರೆ. ಕನ್ನಡದ ಕಿವಿಗೆ ಇದು ದ್ವಿಚಕ್ರದ ಸವಾರಿಯನ್ನು ನೆನಪಿಗೆ ತರುವುದಾದರೂ ಇಲ್ಲಿ ಉದ್ದಿಷ್ಟವಾದ ಚಕ್ರ ಸಾರಜನಕದ್ದು. ನಮ್ಮಲ್ಲಿ ಇದಕ್ಕೆ ಹೊಸ ಪದವನ್ನು ಟಂಕಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಬಿತ್ತನೆಗೆ ಮುಂಚೆ ನೆಲ ಹದಗೊಳ್ಳಬೇಕು, ಕಾಸಿದ ಪಾಕ ಹದಕ್ಕೆ ಬರಬೇಕು ಎನ್ನುವ ನಮಗೆ ತೊಟ್ಟಿಯೂ ಹದಗೊಳ್ಳಬೇಕು ಎಂದರೆ ಅರ್ಥವಾಗದೆ ಇರದು. ಪ್ರಕೃತ ಲೇಖನದಲ್ಲಿ ಆ ಮಾತನ್ನೇ ಬಳಸಿದ್ದೇನೆ.

ಮೀನು ತಿಂದ ಆಹಾರದಲ್ಲಿನ ಸಾರಜನಕವು ಬಹುಮಟ್ಟಿಗೆ ಅಮೋನಿಯಾ ರೂಪದಲ್ಲಿ, ಅದರ ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರ, ಮಲ, ಸತ್ತ ಜೀವಿಗಳು ಕೊಳೆತಾಗಲೂ ಹೊರಬೀಳುವುದು ಅದೇ. ಸಮುದ್ರದ ಅಪಾರ ಜಲರಾಶಿಯಲ್ಲಿ ಇದು ಲೆಕ್ಕಕ್ಕೇ ಬಾರದು. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಮೀನು ತಾನು ವಿಸರ್ಜಿಸಿದ ವಿಷದಲ್ಲಿಯೇ ಉಸಿರಾಡಬೇಕಾಗುತ್ತದೆ. ಸಿಹಿನೀರಿನಲ್ಲಿ ಪಳಗಿದವರು ಎಡವುವುದು ಇಲ್ಲಿಯೇ. ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿರುತ್ತದೆ. ವಿದ್ಯುದಂಶವನ್ನು ಪಡೆದ ಅಮೋನಿಯಂ ಅಷ್ಟಾಗಿ ಅಪಾಯಕಾರಿಯಲ್ಲ. ವಿದ್ಯುದಂಶವಿಲ್ಲದ ಅಮೋನಿಯಾ ಕಿವಿರಿನ ಪೊರೆಯನ್ನು ಸುಲಭವಾಗಿ ದಾಟಿ ಒಳಸೇರುವ ವಿಷ. ನೀರು ಕ್ಷಾರಗುಣದತ್ತ ವಾಲಿದಷ್ಟೂ ಈ ಎರಡನೆಯದರ ಪಾಲು ಹೆಚ್ಚುತ್ತದೆ. ಪಿಎಚ್ ೭ ಇರುವ ಸಿಹಿನೀರಿನಲ್ಲಿ, ೨೫ ಡಿಗ್ರಿ ಉಷ್ಣತೆಯಲ್ಲಿ, ಒಟ್ಟು ಅಮೋನಿಯಾದ ನೂರಕ್ಕೆ ಸುಮಾರು ಅರ್ಧ ಪಾಲು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ ೮.೨ರ ಆಸುಪಾಸಿನಲ್ಲಿರುವ ಕಡಲನೀರಿನಲ್ಲಿ ಅದು ನೂರಕ್ಕೆ ಆರೇಳು ಪಾಲಿಗೆ ಏರುತ್ತದೆ. ಪರೀಕ್ಷೆಯ ಸೀಸೆಯಲ್ಲಿ ಒಂದೇ ಬಣ್ಣ ಕಂಡರೂ ಕಡಲಮೀನಿಗೆ ತಗಲುವ ಪೆಟ್ಟು ಹತ್ತು ಪಟ್ಟಿಗೂ ಮಿಗಿಲು ಎಂದಾಯಿತು. ಅದರ ಮೇಲೆ, ಉಪ್ಪುನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೂ ಕಡಮೆ: ೨೫ ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು ೮.೨ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ ಕಡಲನೀರು ಹಿಡಿಯುವುದು ೬.೭ರಷ್ಟು.

ಹಾಗಾದರೆ ಈ ಅಮೋನಿಯಾ ಹೋಗಬೇಕಾದುದು ಎಲ್ಲಿಗೆ? ಇದರ ಉತ್ತರ ಮೊದಲು ದೊರೆತದ್ದು ಮೀನಿನ ತೊಟ್ಟಿಯಲ್ಲಲ್ಲ, ಮಣ್ಣಿನಲ್ಲಿ. ದನದ ಕೊಟ್ಟಿಗೆಯ ಮಣ್ಣಿನಿಂದಲೂ ಹಾಳೂರ ಗೋಡೆಗಳ ಮಣ್ಣಿನಿಂದಲೂ ಪೆಟ್ಲುಪ್ಪನ್ನು ತೆಗೆಯುವ ಕಸುಬು ನಮ್ಮ ದೇಶದಲ್ಲಿ ಬಹುಕಾಲ ನಡೆದುಬಂದದ್ದು. ಗಂಜಲದ ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗಿ ಮಾರ್ಪಡುತ್ತದೆಂಬುದು ಕಸುಬಿನವರಿಗೆ ಅನುಭವದಿಂದ ಗೊತ್ತಿತ್ತು. ಹೇಗೆಂಬುದು ಯಾರಿಗೂ ತಿಳಿದಿರಲಿಲ್ಲ. ಅದು ಕೇವಲ ರಾಸಾಯನಿಕ ಕ್ರಿಯೆಯೆಂದೇ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲಿ ಬಹುಮಂದಿ ನಂಬಿದ್ದರು. ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿದ ಉದ್ದನೆಯ ನಳಿಗೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಇಪ್ಪತ್ತು ದಿನಗಳವರೆಗೆ ಹೊರಬಂದ ನೀರಿನಲ್ಲಿ ಅಮೋನಿಯಾ ಇದ್ದಂತೆಯೇ ಇದ್ದಿತು. ಬಳಿಕ ನೈಟ್ರೇಟ್ ಕಾಣಿಸಿಕೊಂಡು, ದಿನದಿನಕ್ಕೆ ಏರಿ, ಅಮೋನಿಯಾ ಇಲ್ಲವಾಯಿತು. ನಳಿಗೆಗೆ ಕ್ಲೋರೋಫಾರಂ ಆವಿಯನ್ನು ಹಾಯಿಸಿದೊಡನೆ ಕ್ರಿಯೆ ನಿಂತಿತು. ಆವಿಯನ್ನು ಹೊರದೂಡಿ, ಒಂದಿಷ್ಟು ತೋಟದ ಮಣ್ಣು ಕದಡಿದ ನೀರನ್ನು ಮೇಲಿನಿಂದ ಹಾಕಿದ ಕೆಲವು ದಿನಗಳ ಮೇಲೆ ಮತ್ತೆ ಆರಂಭವಾಯಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಆರಂಭಕ್ಕೆ ಇಪ್ಪತ್ತು ದಿನ ಏಕೆ ಬೇಕು? ಕ್ಲೋರೋಫಾರಮ್ಮಿಗೆ ಪ್ರಜ್ಞೆ ತಪ್ಪುವುದು ಜೀವಿಗಳಿಗೆ ಮಾತ್ರವಲ್ಲವೆ?

ಆ ಇಪ್ಪತ್ತು ದಿನಗಳೇ ಇಂದಿನ ನಮ್ಮ ವಿಷಯ. ಹೊಸ ತೊಟ್ಟಿಯನ್ನು ಹದಗೊಳಿಸುವವನು ಮಾಡುವುದು ಆ ಪ್ರಯೋಗವನ್ನೇ.

ಈ ಕಥೆಗೆ ಒಂದು ಕುತೂಹಲಕರವಾದ ಕೌಟುಂಬಿಕ ಸಂಬಂಧವೂ ಇದೆ. ಲಂಡನ್ನಿನ ಔಷಧ ವ್ಯಾಪಾರಿಗಳ ಸಂಘದ ರಸಾಯನ ವಿಜ್ಞಾನಿಯಾಗಿದ್ದ ರಾಬರ್ಟ್ ವಾರಿಂಗ್ಟನ್ ೧೮೪೯ರಲ್ಲಿ ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಹೊನ್ನಮೀನುಗಳನ್ನೂ ಒಂದು ಜಲಸಸ್ಯವನ್ನೂ ಇರಿಸಿದನು. ಎಲೆಗಳು ಕೊಳೆತು ನೀರು ಕದಡಿದಾಗ, ಕೊಳೆತುದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟನು. ನೀರನ್ನು ಬದಲಿಸದೆಯೇ ಮೀನುಗಳು ಸುಖವಾಗಿ ಬಾಳಿದವು. ಮರುವರ್ಷ ಪ್ರಕಟವಾದ ಅವನ ಲೇಖನ ಯುರೋಪಿನ ಮನೆಗಳಲ್ಲಿ ಜಲಜೀವಿಗಳ ತೊಟ್ಟಿಗೆ ತಳಹದಿಯಾಯಿತು. ೧೮೫೨ರಿಂದ ಅವನೇ ಕಡಲನೀರಿನಲ್ಲಿಯೂ ಪ್ರಯೋಗಗಳನ್ನು ನಡೆಸಿದನು. ಪ್ರಾಣಿಗೆ ಬೇಕಾದ ಆಮ್ಲಜನಕವನ್ನು ಸಸ್ಯ ಕೊಡುತ್ತದೆ, ಸಸ್ಯಕ್ಕೆ ಬೇಕಾದುದನ್ನು ಪ್ರಾಣಿ ಕೊಡುತ್ತದೆ ಎಂಬ ಸಮತೋಲವೇ ತೊಟ್ಟಿಯ ರಹಸ್ಯವೆಂದು ಆತನ ತೀರ್ಮಾನ. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಪಾತ್ರೆಯ ಗೋಡೆಯ ಮೇಲೂ ತಳದ ಮರಳಿನ ಮೇಲೂ ಕುಳಿತು ದುಡಿಯುತ್ತಿದ್ದ ಮೂರನೆಯ ಪಕ್ಷವೊಂದು ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಬಂದದ್ದು ಅವನ ಮಗನ ಲೆಕ್ಕಕ್ಕೆ. ತಂದೆಯ ಹೆಸರನ್ನೇ ಹೊತ್ತ ಕಿರಿಯ ರಾಬರ್ಟ್ ವಾರಿಂಗ್ಟನ್ ರಾತಮ್‌ಸ್ಟೆಡ್ಡಿನ ಕೃಷಿ ಸಂಶೋಧನ ಕೇಂದ್ರದಲ್ಲಿ ೧೮೭೮ರಿಂದ ಹತ್ತಾರು ವರ್ಷ ದುಡಿದು, ಶ್ಲೋಸಿಂಗ್ ಹೇಳಿದ್ದನ್ನು ಸ್ಥಿರಪಡಿಸಿದನು. ಈ ಪರಿವರ್ತನೆ ಎರಡು ಮೆಟ್ಟಿಲುಗಳಲ್ಲಿ, ಎರಡು ಬೇರೆ ಬೇರೆ ಜೀವಿಗಳಿಂದ ನಡೆಯುತ್ತದೆಂದೂ ತೋರಿಸಿಕೊಟ್ಟನು: ಒಂದು ಅಮೋನಿಯಾವನ್ನು ನೈಟ್ರೈಟ್ ಮಾಡುವುದು, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುವುದು. ಜೀವಿಗಳನ್ನು ಬೇರ್ಪಡಿಸಿ ಬೆಳೆಸುವುದು ಮಾತ್ರ ಅವನಿಗೆ ಕೈಗೂಡಲಿಲ್ಲ. ಆ ಕೀರ್ತಿ ೧೮೯೦ರಲ್ಲಿ ಜೂರಿಕ್ಕಿನಲ್ಲಿದ್ದ ರಷ್ಯದ ವಿನೊಗ್ರಾಡ್‌ಸ್ಕಿಗೆ ಸಂದಿತು. ಸಾಮಾನ್ಯ ಸೂಕ್ಷ್ಮಜೀವಿಗಳಿಗೆ ಉಣಿಸುವ ಜೆಲಟಿನ್ ಈ ಜೀವಿಗಳಿಗೆ ಒಗ್ಗದು. ಅವು ಬದುಕುವುದು ಅಮೋನಿಯಾವನ್ನೋ ನೈಟ್ರೈಟನ್ನೋ ದಹಿಸಿ ಪಡೆದ ಶಕ್ತಿಯಿಂದ, ನೀರಿನಲ್ಲಿ ಕರಗಿದ ಇಂಗಾಲಾಮ್ಲದಿಂದಲೇ ಮೈಕಟ್ಟಿಕೊಂಡು.

ನೈಟ್ರೈಟ್, ನೈಟ್ರೇಟ್ ಎಂಬ ಎರಡು ಹೆಸರುಗಳಲ್ಲಿನ ಐಕಾರ ಏಕಾರಗಳ ವ್ಯತ್ಯಾಸವನ್ನು ವಾಚಕರು ಮುಂದೆ ಎಚ್ಚರದಿಂದ ಗಮನಿಸಬೇಕು. ಅಂಗಡಿಯ ಮಾತಿನಲ್ಲಿ ಅವೆರಡೂ ಒಂದೇ ಆಗಿಬಿಡುವುದುಂಟು.

ಈ ಜೀವಿಗಳ ಕುಲಗೋತ್ರಗಳ ವಿಚಾರ ಇನ್ನೂ ಮುಗಿದಿಲ್ಲ. ಎರಡನೆಯ ಮೆಟ್ಟಿಲಿನ ಕೆಲಸ ನೈಟ್ರೋಬ್ಯಾಕ್ಟರಿನದೆಂದು ಸುಮಾರು ನೂರು ವರ್ಷ ಪುಸ್ತಕಗಳು ಹೇಳುತ್ತ ಬಂದವು. ಮೀನಿನ ತೊಟ್ಟಿಗಳಲ್ಲಿ ಅದನ್ನು ಮಾಡುವುದು ನೈಟ್ರೋಸ್ಪೈರಾ ಎಂಬ ಬೇರೆಯೇ ಜಾತಿಯೆಂದು ೧೯೯೮ರಲ್ಲಿ ತಿಳಿದುಬಂತು. ೨೦೦೫ರಲ್ಲಿ ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ಉಷ್ಣವಲಯದ ಕಡಲ ತೊಟ್ಟಿಯೊಂದರಿಂದ, ಅಮೋನಿಯಾವನ್ನು ನೈಟ್ರೈಟ್ ಮಾಡುವ, ಬ್ಯಾಕ್ಟೀರಿಯವೇ ಅಲ್ಲದ 'ಆರ್ಕಿಯಾ' ವರ್ಗದ ಜೀವಿಯೊಂದು ದೊರೆಯಿತು. ಅದರ ಬಳಗವು ಮಹಾಸಾಗರಗಳಲ್ಲೆಲ್ಲ ಹೇರಳವಾಗಿದೆಯೆಂಬುದು ಈಗ ಸಿದ್ಧವಾಗಿದೆ. ತೊಟ್ಟಿಯು ಕಡಲನ್ನು ಅನುಕರಿಸುತ್ತದೆ ಎನ್ನುತ್ತೇವೆ. ಇಲ್ಲಿ ಕಡಲಿನ ಗುಟ್ಟು ತೊಟ್ಟಿಯಿಂದ ಹೊರಬಿದ್ದಿತು.

ಹವ್ಯಾಸಿಗೆ ಇವುಗಳ ಹೆಸರಿಗಿಂತ ಸ್ವಭಾವ ಮುಖ್ಯ. ಮೊದಲನೆಯದಾಗಿ, ಅವು ಮಹಾ ನಿಧಾನಿಗಳು. ಹಾಲನ್ನು ಕೆಡಿಸುವಂಥ ಸಾಮಾನ್ಯ ಬ್ಯಾಕ್ಟೀರಿಯಗಳಲ್ಲಿ ಕೆಲವು ಅನುಕೂಲ ಸ್ಥಿತಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಇಮ್ಮಡಿಯಾದರೆ, ಇವು ಇಮ್ಮಡಿಯಾಗಲು ಅರ್ಧ ದಿನದಿಂದ ಒಂದೆರಡು ದಿನ ಬೇಕು. ಕಾಯುವಿಕೆಯ ಮೂಲ ಇದು. ಎರಡನೆಯದಾಗಿ, ಅವು ನೀರಿನಲ್ಲಿ ತೇಲುತ್ತ ಇರುವುದು ಅತ್ಯಲ್ಪ. ಕಲ್ಲು, ಮರಳು, ಸೋಸುವ ಸಾಧನಗಳ ಮೇಲ್ಮೈಗೆ ತೆಳುಪೊರೆಯಾಗಿ ಅಂಟಿಕೊಂಡಿರುತ್ತವೆ. ಆದುದರಿಂದ ಗೆಳೆಯನ ಹಳೆಯ ತೊಟ್ಟಿಯಿಂದ ಎರಡು ಬಿಂದಿಗೆ ನೀರು ತಂದು ಸುರಿಯುವುದರಿಂದ ಪ್ರಯೋಜನವಿಲ್ಲ. ಒಂದು ಹಿಡಿ ಮರಳೋ ಅಂಗೈಯಗಲದ ಕಲ್ಲೋ ತಂದರೆ ಹಾಲಿಗೆ ಹೆಪ್ಪು ಹಾಕಿದಂತೆ. ಮೂರನೆಯದಾಗಿ, ಅವುಗಳಿಗೆ ಆಮ್ಲಜನಕ ಧಾರಾಳವಾಗಿ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕವು ನೈಟ್ರೇಟ್ ಆಗುವಷ್ಟರಲ್ಲಿ ನಾಲ್ಕೂವರೆ ಗ್ರಾಂ ಆಮ್ಲಜನಕ ಮುಗಿಯುತ್ತದೆ. ಜೊತೆಗೆ ಹುಟ್ಟುವ ಆಮ್ಲವು ಸುಮಾರು ಏಳು ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರವನ್ನು ನುಂಗುತ್ತದೆ. ಶ್ಲೋಸಿಂಗನ ನಳಿಗೆಯಲ್ಲಿ ಸುಣ್ಣಕಲ್ಲು ಇದ್ದದ್ದು ಆಕಸ್ಮಿಕವಲ್ಲ. ಕಡಲ ತೊಟ್ಟಿಯಲ್ಲಿ ಸುಣ್ಣದಂಶದ ಮರಳನ್ನು ಹಾಸುವುದರಿಂದಲೂ ಇದೇ ಉಪಕಾರ.

ಇನ್ನು ಕೆಲಸದ ಕ್ರಮ. ಚೌಪಾಟಿಯಲ್ಲಿ ಸಮುದ್ರವೇ ಇರುವಾಗ ಉಪ್ಪನ್ನೇಕೆ ಕೊಳ್ಳಬೇಕೆಂದು ಮುಂಬಯಿಯವರು ಕೇಳುವುದುಂಟು. ಮಹಾನಗರದ ದಡದ ನೀರಿನಲ್ಲಿ ಕೆಸರೂ ಚರಂಡಿಯ ಕಲ್ಮಷವೂ ಸೇರಿರುತ್ತವೆ. ಮಳೆಗಾಲದಲ್ಲಿ ಅದರ ಲವಣಾಂಶವೂ ಇಳಿದುಬಿಡುತ್ತದೆ. ಅಡಿಗೆಯ ಉಪ್ಪಂತೂ ಕೂಡದು. ಕಡಲ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್‌ಗಳಲ್ಲದೆ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ನಿಶ್ಚಿತ ಪ್ರಮಾಣದಲ್ಲಿವೆ. ತೊಟ್ಟಿಗಾಗಿಯೇ ತಯಾರಿಸಿದ ಉಪ್ಪನ್ನು, ಕ್ಲೋರಿನ್ ಇಲ್ಲದಂತೆ ಶುದ್ಧೀಕರಿಸಿದ ನೀರಿನಲ್ಲಿ, ಸಾವಿರಕ್ಕೆ ೩೫ ಪಾಲು ಲವಣ ಬರುವಂತೆ ಕರಗಿಸಬೇಕು. ಸಾಪೇಕ್ಷ ಸಾಂದ್ರತೆ ೧.೦೨೫ರ ಸುತ್ತ ಇರಬೇಕು. ನೀರು ಆವಿಯಾದಾಗ ಉಪ್ಪು ಹಿಂದೆ ಉಳಿಯುವುದರಿಂದ, ಕಡಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಪಂಪುಗಳು ಹಗಲಿರುಳು ನಡೆಯಲಿ, ದೀಪ ಬೇಡ. ಬೆಳಕಿನಿಂದ ಈ ಕಾಲದಲ್ಲಿ ಬೆಳೆಯುವುದು ಪಾಚಿಯೊಂದೇ.

ಮೀನಿಲ್ಲದ ತೊಟ್ಟಿಯಲ್ಲಿ ಅಮೋನಿಯಾ ಎಲ್ಲಿಂದ ಬರಬೇಕು? ಒಂದು ಹಸಿ ಸಿಗಡಿಯನ್ನು ಹಾಕಿ ಕೊಳೆಯಲು ಬಿಡುವುದು ಹಳೆಯ ಪದ್ಧತಿ. ಅದರಿಂದ ಕೆಲಸ ಸಾಗುತ್ತದೆ, ಆದರೆ ಎಷ್ಟು ಅಮೋನಿಯಾ ಹೊರಟಿತೆಂಬುದಕ್ಕೆ ಅಳತೆಯಿಲ್ಲ. ಚಾಳಿನ ಒಂದೇ ಕೋಣೆಯಲ್ಲಿ ವಾಸಿಸುವವರಿಗೆ ಅದರ ನಾತದ ವಿಚಾರ ಬೇರೆ ಹೇಳಬೇಕಾಗಿಲ್ಲ. ಅಳೆದು ಹಾಕಬಹುದಾದ ವಸ್ತು ಅಮೋನಿಯಂ ಕ್ಲೋರೈಡ್. ನಮ್ಮ ಮನೆಗಳಲ್ಲಿ ಇದು ಅಪರಿಚಿತವಲ್ಲ: ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವನು ಕಾದ ಪಾತ್ರೆಯೊಳಗೆ ಉಜ್ಜುತ್ತಿದ್ದ, ಬಿಳಿಯ ಹೊಗೆಯೇಳುತ್ತಿದ್ದ ನವಸಾಗರವೇ ಅದು. ಆದರೆ ಕಲಾಯಿಯ ನವಸಾಗರದಲ್ಲಿ ಲೋಹದ ಕಲ್ಮಷಗಳಿರಬಹುದು, ತಾಮ್ರವಂತೂ ಸಿಗಡಿ, ಹವಳಗಳ ಪಾಲಿಗೆ ಮೃತ್ಯು. ಆದುದರಿಂದ ಪ್ರಯೋಗಶಾಲೆಯ ಶುದ್ಧ ದ್ರವ್ಯವನ್ನೇ ತರಬೇಕು. ನೂರು ಲೀಟರ್ ನೀರಿಗೆ ೦.೬೩ ಗ್ರಾಂ ಹಾಕಿದರೆ ಲೀಟರಿಗೆ ೨ ಮಿಲಿಗ್ರಾಂ ಅಮೋನಿಯಾ ಆಗುತ್ತದೆ. ಅಷ್ಟು ಸಾಕು. ಹೆಚ್ಚು ಊಟ ಹಾಕಿದರೆ ಬೇಗ ಬೆಳೆಯುತ್ತವೆಂದು ನಾಲ್ಕೈದು ಮಿಲಿಗ್ರಾಂ ಮೀರಿಸಿದವರು ವಿಳಂಬವನ್ನೇ ಗಳಿಸುತ್ತಾರೆ. ಎರಡನೆಯ ಮೆಟ್ಟಿಲಿನ ಜೀವಿಗಳನ್ನು ಅತಿಯಾದ ಅಮೋನಿಯಾ ಕುಗ್ಗಿಸುತ್ತದೆ.

ಇಲ್ಲಿಂದ ಮುಂದೆ ಪರೀಕ್ಷೆಯ ಸೀಸೆಗಳೇ ಪಂಚಾಂಗ. ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್‌ಗಳನ್ನು ಅಳೆದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೊದಲ ವಾರ ಹತ್ತು ದಿನ ಏನೂ ಆಗದು. ಅಮೋನಿಯಾದ ಬಣ್ಣ ಹಾಗೆಯೇ ನಿಂತಿರುತ್ತದೆ. ತಾಳ್ಮೆ ಕಳೆದುಕೊಂಡು ನೀರನ್ನು ಚೆಲ್ಲಿ ಮತ್ತೆ ಮೊದಲಿಗೆ ಬರುವವರು ಈ ಹಂತದವರು. ಬಳಿಕ ಅಮೋನಿಯಾ ಇಳಿಯತೊಡಗಿ ನೈಟ್ರೈಟ್ ಏರುತ್ತದೆ. ಅಮೋನಿಯಾ ಪೂರ್ತಿ ಇಲ್ಲವಾದ ಮೇಲೂ ನೈಟ್ರೈಟ್ ಒಂದೆರಡು ವಾರ ಏರಿಯೇ ಇರುವುದು ಸಾಮಾನ್ಯ. ಎರಡನೆಯ ಜೀವಿಗೆ ಊಟ ದೊರೆಯುವುದೇ ಮೊದಲನೆಯದು ಕೆಲಸ ಆರಂಭಿಸಿದ ನಂತರ. ಈ ಅವಧಿಯಲ್ಲಿ ಅಮೋನಿಯಾ ಇಲ್ಲವಾದಾಗಲೆಲ್ಲ ಸ್ವಲ್ಪ ಸ್ವಲ್ಪ ಉಣಿಸುತ್ತಿರಬೇಕು, ಇಲ್ಲವಾದರೆ ಮೊದಲನೆಯ ಸಂಸಾರ ಉಪವಾಸ ಬೀಳುತ್ತದೆ. ನೈಟ್ರೈಟ್ ಇರುವವರೆಗೆ ನೈಟ್ರೇಟಿನ ಪರೀಕ್ಷೆಯನ್ನು ನಂಬಬಾರದು. ಅದು ನೈಟ್ರೈಟನ್ನೂ ತನ್ನ ಲೆಕ್ಕಕ್ಕೆ ಸೇರಿಸಿಕೊಂಡು ಏರಿದ ಅಂಕಿಯನ್ನು ತೋರಿಸುತ್ತದೆ.

ನೈಟ್ರೈಟ್‌ನ ಬಗೆಗೆ ಒಂದು ಮಾತು. ಸಿಹಿನೀರಿನಲ್ಲಿ ಅದು ಕಿವಿರಿನ ಮೂಲಕ ರಕ್ತಕ್ಕೆ ಸೇರಿ, ಆಮ್ಲಜನಕವನ್ನು ಹೊರಲಾರದಂತೆ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ. ಕಡಲನೀರಿನಲ್ಲಿ ಹೇರಳವಾಗಿರುವ ಕ್ಲೋರೈಡು ಅದರ ದಾರಿಗೆ ಅಡ್ಡ ನಿಲ್ಲುವುದರಿಂದ ವಿಷದ ಉಗ್ರತೆ ಬಹಳ ಕಡಮೆ. ಹಾಗೆಂದು ಅದನ್ನು ಕಡೆಗಣಿಸಿ ಮೀನು ಬಿಡಬಹುದೆಂದು ವಾದಿಸುವವರಿದ್ದಾರೆ. ನೈಟ್ರೈಟ್ ಇನ್ನೂ ಇದೆಯೆಂದರೆ ಚಕ್ರದ ಎರಡನೆಯ ಭಾಗ ಇನ್ನೂ ಬಲಿತಿಲ್ಲವೆಂದೇ ಅರ್ಥ. ಇಷ್ಟು ಕಾದವನು ಇನ್ನೊಂದು ವಾರ ಕಾದರೆ ನಷ್ಟವೇನೆಂದು ನನಗೆ ತಿಳಿಯದು.

ಹದಕ್ಕೆ ಬಂದಿತೆಂಬುದಕ್ಕೆ ಒಂದೇ ಪ್ರಮಾಣ: ಲೀಟರಿಗೆ ೨ ಮಿಲಿಗ್ರಾಂ ಆಗುವಂತೆ ಅಮೋನಿಯಾ ಹಾಕಿ, ೨೪ ಗಂಟೆಗಳ ಬಳಿಕ ನೋಡಿದರೆ ಅಮೋನಿಯಾ, ನೈಟ್ರೈಟ್ ಎರಡೂ ಕಾಣಬಾರದು. ಒಣಕಲ್ಲಿನಿಂದ ಆರಂಭಿಸಿದವರಿಗೆ ಇದಕ್ಕೆ ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುವುದು. ಹಳೆಯ ತೊಟ್ಟಿಯ ಹೆಪ್ಪು ದೊರೆತವರಿಗೆ ಕಡಮೆ. ಸೀಸೆಗಳಲ್ಲಿ ಮಾರಾಟಕ್ಕೆ ಬರುವ ಬ್ಯಾಕ್ಟೀರಿಯಗಳಲ್ಲಿ ಕೆಲವು ನಿಜವಾಗಿ ಕಾಲವನ್ನು ಕುಗ್ಗಿಸುತ್ತವೆ, ಬಿಸಿಲಿನ ಗೋದಾಮಿನಲ್ಲಿ ಬಹುಕಾಲ ಬಿದ್ದಿದ್ದವು ಬರಿಯ ನೀರು. ಚೀಟಿಯನ್ನು ಓದಿ ನಿರ್ಧರಿಸುವುದಕ್ಕಿಂತ ಮೇಲಿನ ೨೪ ಗಂಟೆಗಳ ಪರೀಕ್ಷೆಯಿಂದ ನಿರ್ಧರಿಸುವುದು ಮೇಲು.

ಈ ಎಲ್ಲ ತಾಪತ್ರಯಕ್ಕೆ ಬದಲಾಗಿ ಅಗ್ಗದ, ಗಟ್ಟಿಜೀವದ ಡ್ಯಾಮ್ಸೆಲ್ ಮೀನುಗಳನ್ನು ನಾಲ್ಕು ಬಿಟ್ಟುಬಿಡಿ, ಸತ್ತರೆ ಸಾಯಲಿ, ತೊಟ್ಟಿ ಹದಗೊಂಡ ಮೇಲೆ ಒಳ್ಳೆಯ ಮೀನು ತರೋಣ ಎಂಬುದು ಅನೇಕ ದಶಕಗಳ ಕಾಲ ಎಲ್ಲೆಡೆ ನಡೆದ ಪದ್ಧತಿ. ಇಂದಿಗೂ ಅಲ್ಲಲ್ಲಿ ಕೇಳಿಬರುವ ಸಲಹೆ. ಸಿಹಿನೀರಿನ ಅಲಂಕಾರ ಮೀನುಗಳಲ್ಲಿ ಬಹುಪಾಲು ಸಾಕಣೆಯ ಕೊಳಗಳಲ್ಲಿ ಹುಟ್ಟಿದವು. ಕಡಲಿನವುಗಳಲ್ಲಿ ಕ್ಲೌನ್ ಮೀನಿನಂಥ ಕೆಲವನ್ನು ಬಿಟ್ಟರೆ ಬಹುಪಾಲು ಹವಳದಿಬ್ಬಗಳಿಂದಲೇ ಹಿಡಿದು ತಂದವು. ಬಲೆ, ಚೀಲ, ದೂರದ ಪಯಣ ಎಲ್ಲವನ್ನೂ ದಾಟಿ ಬದುಕಿ ಬಂದ ಜೀವವನ್ನು ನೀರು ಪರೀಕ್ಷಿಸುವ ಕಡ್ಡಿಯಂತೆ ಬಳಸುವುದು, ಅರ್ಧ ರೂಪಾಯಿಯ ಅಮೋನಿಯಂ ಕ್ಲೋರೈಡಿನಿಂದ ಅದೇ ಕೆಲಸ ಆಗುವಾಗ, ಯಾವ ಲೆಕ್ಕದಲ್ಲಿಯೂ ಸಮರ್ಥನೀಯವಲ್ಲ. ಬದುಕಿ ಉಳಿದ ಡ್ಯಾಮ್ಸೆಲ್ಲುಗಳು ಆಮೇಲೆ ತೊಟ್ಟಿಯನ್ನು ತಮ್ಮ ಸ್ವಂತದ್ದೆಂದು ಭಾವಿಸಿ ಹೊಸಬರನ್ನು ಕಚ್ಚಿ ಓಡಿಸುತ್ತವೆ. ಆ ಮಟ್ಟಿಗೆ ನ್ಯಾಯ ದೊರೆಯುತ್ತದೆನ್ನಬಹುದು.

ಕಲ್ಲಿನ ವಿಚಾರವೂ ಇದಕ್ಕೆ ಹೊಂದಿದ್ದೇ. ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬಾತ ೧೯೬೧ರಲ್ಲಿ ಬರೆದ ಲೇಖನವೊಂದರಲ್ಲಿ, ಸಮುದ್ರದಿಂದ ತಂದ ಜೀವಂತ ಕಲ್ಲು ಮತ್ತು ಗಾಳಿಗುಳ್ಳೆಗಳಿಂದಲೇ ತೊಟ್ಟಿಯನ್ನು ನಡೆಸಬಹುದೆಂದು ತೋರಿಸಿದನು. ಅಂಥ ಕಲ್ಲಿನ ಹೊರಮೈಯಲ್ಲಿ ನಾವು ಹೇಳಿದ ಜೀವಿಗಳೂ, ಆಮ್ಲಜನಕವಿಲ್ಲದ ಒಳರಂಧ್ರಗಳಲ್ಲಿ ನೈಟ್ರೇಟನ್ನು ಮತ್ತೆ ಸಾರಜನಕ ವಾಯುವಾಗಿಸಿ ಗಾಳಿಗೆ ಬಿಡುವ ಬೇರೆ ಜೀವಿಗಳೂ ಇರುತ್ತವೆ. ಚಕ್ರ ಅಲ್ಲಿ ಪೂರ್ಣವಾಗುತ್ತದೆ. ಆದರೆ ದಿಬ್ಬ ಕಟ್ಟುವ ಹವಳಗಳು ೨೦೦೧ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿವೆ. ಮನ್ನಾರ್ ಕೊಲ್ಲಿಯದಾಗಲಿ ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯದಾಗಲಿ ಹವಳವನ್ನು ಕಿತ್ತು ತರುವುದು ಅಪರಾಧ. ಒಣಕಲ್ಲನ್ನೋ ಸುಟ್ಟ ಮಣ್ಣಿನ ರಂಧ್ರಮಯ ಕಲ್ಲನ್ನೋ ಇಟ್ಟು, ಗೆಳೆಯನ ತೊಟ್ಟಿಯಿಂದ ಹೆಪ್ಪು ಬೇಡಿ ತಂದರೆ ಕೆಲವು ತಿಂಗಳಲ್ಲಿ ಅದೂ ಜೀವಂತ ಕಲ್ಲೇ ಆಗುವುದು.

ಪರೀಕ್ಷೆಯಲ್ಲಿ ತೊಟ್ಟಿ ಗೆದ್ದ ಮೇಲೆ ಸಂಚಯವಾಗಿರುವ ನೈಟ್ರೇಟನ್ನು ತಗ್ಗಿಸಲು ಅರ್ಧದಷ್ಟು ನೀರನ್ನು ಬದಲಿಸಿ, ಒಂದೋ ಎರಡೋ ಚಿಕ್ಕ ಮೀನುಗಳನ್ನು ಬಿಡಬೇಕು. ಮುಂದಿನವು ಎರಡು ಮೂರು ವಾರಗಳ ನಂತರ. ಸೂಕ್ಷ್ಮಜೀವಿಗಳ ಸಂಖ್ಯೆ ಅವುಗಳಿಗೆ ದೊರೆಯುವ ಆಹಾರಕ್ಕೆ ತಕ್ಕಂತೆ ಇರುತ್ತದಾಗಿ, ಎರಡು ಮೀನಿಗೆ ಹೊಂದಿಕೊಂಡ ತೊಟ್ಟಿಗೆ ಒಂದೇ ದಿನ ಹತ್ತು ಬಿಟ್ಟರೆ ಹಳೆಯ ಸಂಕಟವೇ ಮರುಕಳಿಸುವುದು. ಈ ವೇಳೆಗೆ ಗಾಜಿನ ಮೇಲೂ ಮರಳಿನ ಮೇಲೂ ಕಂದುಬಣ್ಣದ ಪುಡಿಯಂಥ ಪೊರೆ ಹಬ್ಬುವುದುಂಟು. ಅದು ಡಯಾಟಮ್ ಎಂಬ ಪಾಚಿ. ನೀರಿನ ಸಿಲಿಕೇಟ್ ಮುಗಿದಂತೆ ತಾನೇ ಹಿಂದೆ ಸರಿಯುತ್ತದೆ, ಹೆದರಿ ಔಷಧ ಸುರಿಯಬೇಕಾಗಿಲ್ಲ.

ತೊಟ್ಟಿ ಹದಕ್ಕೆ ಬಂದು, ಮೀನು ತರುವ ಮುನ್ನ ಬೇಸಿಗೆಯ ರಜೆಗೆ ಊರಿಗೆ ಹೊರಡಬೇಕಾಗಿ ಬಂದರೆ, ಪಂಪನ್ನು ಆರಿಸದೆ, ವಾರಕ್ಕೊಮ್ಮೆ ಚಿಟಿಕೆ ಅಮೋನಿಯಂ ಕ್ಲೋರೈಡನ್ನು ಕರಗಿಸಿ ಹಾಕುವಂತೆಯೂ ಆವಿಯಾದಷ್ಟು ಸಿಹಿನೀರನ್ನು ತುಂಬುವಂತೆಯೂ ನೆರೆಮನೆಯವರಿಗೆ ಹೇಳಿ ಹೋಗಬೇಕು. ಬಂದ ದಿನ ಮತ್ತೊಮ್ಮೆ ೨೪ ಗಂಟೆಗಳ ಪರೀಕ್ಷೆ ಮಾಡಿ, ಆಮೇಲೆ ಮೀನಿನ ಅಂಗಡಿಗೆ ಹೋಗಬಹುದು.